ಜೇನು ಸಾಕಣೆ: ಕೈಯಿಂದ ಕೈಗೆ ಬರುವ ವಿದ್ಯೆ

ಜೇನುತುಪ್ಪವನ್ನು ಅಂಗಡಿಯಿಂದ ಕೊಂಡು ತರುವುದು ಸುಲಭ. ಜೇನುನೊಣವನ್ನು ಸಾಕಲು ಕಲಿಯುವುದು ಹಾಗಲ್ಲ. ಈ ವಿಷಯದಲ್ಲಿ ಉತ್ತಮ ಪುಸ್ತಕಗಳಿವೆ, ಕೃಷಿ ವಿಶ್ವವಿದ್ಯಾಲಯಗಳ ಕೈಪಿಡಿಗಳಿವೆ. ಅವುಗಳನ್ನು ಓದಿ ನೊಣದ ಜೀವನಕ್ರಮವನ್ನೂ ಪೆಟ್ಟಿಗೆಯ ಅಳತೆಯನ್ನೂ ತಿಳಿಯಬಹುದು. ಆದರೆ ಮುಚ್ಚಳ ತೆರೆದಾಗ ಒಳಗಿನಿಂದೇಳುವ ಸದ್ದು ನೆಮ್ಮದಿಯದೋ ಸಿಟ್ಟಿನದೋ ಎಂಬುದನ್ನು ಯಾವ ಪುಸ್ತಕವೂ ಕಿವಿಗೆ ಕಲಿಸಲಾರದು. ಅದಕ್ಕೆ ಬಲ್ಲವರ ಪಕ್ಕದಲ್ಲಿ ನಿಲ್ಲಬೇಕು. ಈಜು, ಅಡಿಗೆ, ಮದ್ದಳೆಗಳಂತೆ ಇದೂ ಗುರುಮುಖೇನ, ಅದಕ್ಕಿಂತ ಹೆಚ್ಚಾಗಿ ಗುರುವಿನ ಕೈ ಮುಖೇನ ಬರತಕ್ಕ ವಿದ್ಯೆ.

ತಿರುವೊಟ್ಟಿಯೂರಿನಂತಹ ಕಾರ್ಖಾನೆಗಳ ಊರಿನಲ್ಲಿ ನೆಲೆಸಿರುವ ನಮಗೆ ಇದರ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಪುತ್ತೂರು, ಸುಳ್ಯ, ಶಿರಸಿ, ಮಡಿಕೇರಿಗಳ ಸುತ್ತಿನ ಹಳ್ಳಿಗಳಿಂದ ಮಹಾನಗರಗಳಿಗೆ ಬಂದು ನೆಲೆಸಿದವರ ಎಷ್ಟೋ ಮನೆಗಳ ಹಿತ್ತಿಲಲ್ಲಿ ಒಂದು ಕಾಲಕ್ಕೆ ಜೇನುಪೆಟ್ಟಿಗೆಗಳಿದ್ದವು. ಅವುಗಳನ್ನು ನೋಡಿಕೊಂಡ ಹಿರಿಯರು ಈಗ ವೃದ್ಧರಾಗಿದ್ದಾರೆ. ಕಲಿಯಬೇಕಾದ ಮಕ್ಕಳು ನಗರಗಳಲ್ಲಿದ್ದಾರೆ. ಕಲಿಸುವವರು ಅಲ್ಲಿ, ಕಲಿಯುವವರು ಇಲ್ಲಿ ಎಂಬ ಈ ದೂರವೇ ಪ್ರಸ್ತುತ ಲೇಖನಕ್ಕೆ ಕಾರಣ.

ಯಾವ ಜೇನನ್ನು ಸಾಕಬಹುದು?

ನಮ್ಮ ನಾಡಿನ ಜನ ಬಲ್ಲ ಜೇನು ಮುಖ್ಯವಾಗಿ ನಾಲ್ಕು ಬಗೆ. ಎತ್ತರದ ಮರ, ಬಂಡೆ, ನೀರಿನ ತೊಟ್ಟಿಗಳ ಅಡಿಯಲ್ಲಿ ಒಂದೇ ದೊಡ್ಡ ಎರಿಯನ್ನು ಬಯಲಲ್ಲಿ ತೂಗುಹಾಕುವುದು ಹೆಜ್ಜೇನು. ಚೆನ್ನೈಯ ಎತ್ತರದ ಕಟ್ಟಡಗಳಲ್ಲಿ ಕಾಣುವ ಕಪ್ಪು ಪರದೆಯಂತಹ ಗೂಡು ಇದರದೇ. ನಮ್ಮ ತಮಿಳು ನೆರೆಹೊರೆಯವರು ಇದನ್ನು ಮಲೈತ್ತೇನೀ ಎನ್ನುತ್ತಾರೆ. ಪೊದೆಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವುದು ಕೋಲುಜೇನು. ಇವೆರಡೂ ಬೆಳಕಿನಲ್ಲಿ, ಬಯಲಿನಲ್ಲಿ ಬಾಳುವಂಥವು, ಪೆಟ್ಟಿಗೆಗೆ ಒಗ್ಗುವುದಿಲ್ಲ.

ಮೂರನೆಯದು ತುಡುವೆ. ಮರದ ಪೊಟರೆ, ಹುತ್ತ, ಗೋಡೆಯ ಸಂದುಗಳ ಕತ್ತಲೆಯಲ್ಲಿ ಹಲವು ಎರಿಗಳನ್ನು ಒಂದರ ಪಕ್ಕ ಒಂದರಂತೆ ಕಟ್ಟುವುದು ಇದರ ಸ್ವಭಾವ. ತಮಿಳಿನಲ್ಲಿ ಇದಕ್ಕೆ ಅಡುಕ್ಕುತ್ತೇನೀ ಎಂಬ ಅನ್ವರ್ಥನಾಮವಿದೆ. ಕತ್ತಲೆಯ ಪೊಟರೆಯ ಬದಲು ಕತ್ತಲೆಯ ಪೆಟ್ಟಿಗೆಯನ್ನು ಕೊಟ್ಟರೆ ಇದು ಒಪ್ಪಿಕೊಳ್ಳುತ್ತದೆ. ನಾಲ್ಕನೆಯದು ಮುಜಂಟಿ, ಕುಟುಕುವ ಮುಳ್ಳಿಲ್ಲದ ಸಣ್ಣ ನೊಣ, ತುಪ್ಪವೂ ಅತ್ಯಲ್ಪ. ಇವುಗಳ ಜೊತೆಗೆ ಯೂರೋಪಿನ ಜೇನುನೊಣವೂ ಇದೆ. ಅದು ಉತ್ತರ ಭಾರತದಲ್ಲಿ 1962ರಲ್ಲಿ ಯಶಸ್ವಿಯಾಗಿ ನೆಲೆಗೊಂಡು, ಅನಂತರ ಇತರ ಕಡೆಗೂ ಹರಡಿತು. ಆದರೆ ಮಲೆನಾಡು ಮತ್ತು ಕರಾವಳಿಯ ಮನೆಮನೆಯ ಜೇನೆಂದರೆ ತುಡುವೆಯೇ.

ತಿರುಚಿನಾಪಳ್ಳಿಯ ಪೆಟ್ಟಿಗೆ

ಹಿಂದಿನವರು ತುಡುವೆಯನ್ನು ಮಡಕೆಯಲ್ಲೋ ಪೊಳ್ಳು ದಿಮ್ಮಿಯಲ್ಲೋ ಕೂರಿಸಿ, ತುಪ್ಪ ಬೇಕಾದಾಗ ಎರಿಯನ್ನೇ ಕಿತ್ತು ಹಿಂಡುತ್ತಿದ್ದರು. ಆಗ ತುಪ್ಪದೊಡನೆ ಮರಿಗಳೂ ನಾಶವಾಗುತ್ತಿದ್ದವು. ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಒಂದು ಸಣ್ಣ ಸತ್ಯವನ್ನು ಬಳಕೆಗೆ ತಂದನು. ಎರಡು ಎರಿಗಳ ನಡುವೆ ನೊಣ ಓಡಾಡುವಷ್ಟೇ ಅಂತರ ಬಿಟ್ಟರೆ, ಆ ದಾರಿಯನ್ನು ನೊಣಗಳು ಮೇಣದಿಂದ ಮುಚ್ಚುವುದಿಲ್ಲ. ಆದ್ದರಿಂದ ಚೌಕಟ್ಟಿನಲ್ಲಿ ಎರಿ ಕಟ್ಟಿಸಿ, ಅದನ್ನು ಎತ್ತಿ ನೋಡಿ, ಹಾಗೆಯೇ ಮರಳಿ ಇಡಬಹುದು. ಇಂದಿನ ಜೇನು ಸಾಕಣೆಯೆಲ್ಲ ನಿಂತಿರುವುದು ಈ ಬೆರಳಗಲಕ್ಕೂ ಕಡಿಮೆಯ ಅಂತರದ ಮೇಲೆ.

ಆ ಪೆಟ್ಟಿಗೆ ನಮ್ಮ ಸಣ್ಣ ತುಡುವೆಗೆ ದೊಡ್ಡದಾಗಿತ್ತು. ಅದಕ್ಕೆ ಹೊಂದುವ ಕಿರಿಯ ಪೆಟ್ಟಿಗೆಯನ್ನು ರೂಪಿಸಿದವರು ನಮ್ಮ ಈಗಿನ ತಮಿಳುನಾಡಿನ ತಿರುಚಿನಾಪಳ್ಳಿಯಲ್ಲಿದ್ದ ಪಾದ್ರಿ ನ್ಯೂಟನ್. 1911ರಿಂದ 1917ರವರೆಗೆ ಅವರು ಹಳ್ಳಿಗರಿಗೆ ಜೇನು ಸಾಕಣೆಯನ್ನು ಸ್ವತಃ ಕಲಿಸಿದರು. ಅವರ ಹೆಸರಿನ ನ್ಯೂಟನ್ ಪೆಟ್ಟಿಗೆ ಇಂದಿಗೂ ದಕ್ಷಿಣ ಭಾರತದಲ್ಲಿ ಬಳಕೆಯಲ್ಲಿದೆ. 1924ರಲ್ಲಿ ಮಾರ್ತಾಂಡಂನಲ್ಲಿ ಗ್ರಾಮೋದ್ಧಾರ ಕೇಂದ್ರವನ್ನು ಆರಂಭಿಸಿದ ಸ್ಪೆನ್ಸರ್ ಹ್ಯಾಚ್ ಅವರೂ ಜೇನನ್ನು ಬಡ ರೈತನ ಉಪಕಸುಬಾಗಿ ಬೆಳೆಸಿದರು. ಮೈಸೂರು ಸಂಸ್ಥಾನದಲ್ಲಿ 1925ರಲ್ಲಿ ಈ ಕಾರ್ಯ ಮೊದಲಾಯಿತು. 1928ರಲ್ಲಿ ಕೃಷಿಯ ರಾಯಲ್ ಕಮಿಷನ್ನು ಜೇನು ಸಾಕಣೆಯನ್ನು ಗುಡಿ ಕೈಗಾರಿಕೆಯಾಗಿ ಬೆಳೆಸಬೇಕೆಂದು ಸಲಹೆಯಿತ್ತಿತು. 1956ರವರೆಗೆ ದಕ್ಷಿಣ ಕನ್ನಡವು ಮದರಾಸಿನ ಆಡಳಿತದಲ್ಲೇ ಇದ್ದುದನ್ನು ನೆನೆದರೆ, ಕಾವೇರಿಯ ಕೆಳದಂಡೆಯಲ್ಲಿ ರೂಪುಗೊಂಡ ಪೆಟ್ಟಿಗೆ ನೇತ್ರಾವತಿಯ ಸೀಮೆಯ ಹಿತ್ತಿಲುಗಳಲ್ಲಿ ನೆಲೆಯೂರಿದ್ದು ನಮ್ಮಂತಹ ಎರಡೂರಿನವರಿಗೆ ಸೊಗಸಾಗಿ ಕಂಡೀತು. ಪುತ್ತೂರಿನ ಜೇನು ವ್ಯವಸಾಯಗಾರರ ಸಹಕಾರಿ ಸಂಘದ ಹೆಸರು ಅಲ್ಲಿನವರಿಗೆಲ್ಲ ಪರಿಚಿತ. ಕೊಡಗಿನ ಭಾಗಮಂಡಲ, ವಿರಾಜಪೇಟೆಗಳೂ ಜೇನಿಗೆ ಹೆಸರಾದ ಸ್ಥಳಗಳು.

ಪೆಟ್ಟಿಗೆಯ ಪಕ್ಕದಲ್ಲಿ

ಈ ಲೇಖಕನಿಗೆ ಗುರುವಾಗಿ ದೊರೆತವರು ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಡಕೆ ತೋಟವಿರುವ ಸೋದರಮಾವ. ಅವರ ಪಾಠದ ಕ್ರಮ ವಿಲಕ್ಷಣವಾಗಿತ್ತು. ಮೊದಲ ಮೂರು ದಿನ ಪೆಟ್ಟಿಗೆಯನ್ನು ಮುಟ್ಟಗೊಡಲಿಲ್ಲ. ಬಾಗಿಲಿನ ಪಕ್ಕದಲ್ಲಿ ಕುಳಿತು ಬಂದುಹೋಗುವ ನೊಣಗಳನ್ನು ನೋಡುತ್ತಿರುವುದೇ ಕೆಲಸ. ಪಕ್ಕದಲ್ಲಿ ಎಂಬುದನ್ನು ಗಮನಿಸಬೇಕು. ಬಾಗಿಲಿಗೆ ಎದುರಾಗಿ ನಿಂತರೆ ಅವುಗಳ ಹಾರುವ ದಾರಿಗೆ ಅಡ್ಡ ನಿಂತಂತೆ. ಕಾಲಿನಲ್ಲಿ ಹಳದಿ ಪರಾಗದ ಉಂಡೆ ಹೊತ್ತು ಬರುವವು ಹೆಚ್ಚಿದ್ದರೆ ಒಳಗೆ ಮರಿಗಳಿವೆಯೆಂದು ಊಹಿಸಬಹುದು. ಬಾಗಿಲಲ್ಲಿ ಕಚ್ಚಾಟ ನಡೆದಿದ್ದರೆ ಬೇರೆ ಕುಟುಂಬದ ನೊಣಗಳು ಕಳವಿಗೆ ಬಂದಿವೆ. ಸದ್ದಡಗಿ ಬಾಗಿಲು ಬರಿದಾಗಿದ್ದರೆ ಕುಟುಂಬ ಸೊರಗಿದೆ. ಮುಚ್ಚಳ ತೆರೆಯುವ ಮೊದಲೇ ಪೆಟ್ಟಿಗೆಯ ಅರ್ಧ ಸಮಾಚಾರ ಹೀಗೆ ತಿಳಿಯುತ್ತದೆ.

ನಾಲ್ಕನೆಯ ದಿನ ಬೆಳಗಿನ ಬಿಸಿಲೇರುವ ಮುನ್ನ ಪೆಟ್ಟಿಗೆ ತೆರೆಯಲಾಯಿತು. ತಿಳಿಬಣ್ಣದ ಬಟ್ಟೆ, ಮುಖಕ್ಕೆ ಪರದೆ. ಸುಗಂಧದೆಣ್ಣೆ, ಪೌಡರುಗಳು ನಿಷಿದ್ಧ. ಹೊಗೆತಿದಿಯಿಂದ ಎರಡೇ ಎರಡು ಉಸಿರು ಹೊಗೆ. ತುಡುವೆಗೆ ಹೊಗೆ ಹೆಚ್ಚಾದರೆ ನೊಣಗಳು ಎರಿ ಬಿಟ್ಟು ದಿಕ್ಕೆಟ್ಟು ಓಡುತ್ತವೆ. “ಪೆಟ್ಟಿಗೆ ನಮ್ಮದು, ಮನೆ ಅವುಗಳದ್ದು. ಕರೆಯದೆ ಬಂದವರು ಸದ್ದು ಮಾಡಬಾರದು” ಎನ್ನುತ್ತಿದ್ದರು ಮಾವ. ಅವರ ಕೈ ಚೌಕಟ್ಟನ್ನು ಎತ್ತುವ ನಿಧಾನವನ್ನು ನೋಡಿದ ಬಳಿಕವೇ ಆ ಮಾತಿನ ಅರ್ಥವಾದದ್ದು. ಚೌಕಟ್ಟನ್ನು ನೆಟ್ಟಗೆ, ಪೆಟ್ಟಿಗೆಯ ಮೇಲೆಯೇ ಹಿಡಿಯಬೇಕು. ರಾಣಿ ಜಾರಿದರೂ ಒಳಗೇ ಬೀಳಲಿ ಎಂಬುದು ಒಂದು ಕಾರಣ. ಹೊಸ ಎರಿಯನ್ನು ತಟ್ಟೆಯಂತೆ ಅಡ್ಡ ಹಿಡಿದರೆ ತುಪ್ಪದ ಭಾರಕ್ಕೆ ಮುರಿದು ಬೀಳುತ್ತದೆಂಬುದು ಇನ್ನೊಂದು.

ಹೊಸಬರ ಕಣ್ಣು ಸಹಜವಾಗಿ ರಾಣಿಯನ್ನು ಅರಸುತ್ತದೆ. ಮಾವ ತಡೆದರು: “ರಾಣಿಯನ್ನು ಹುಡುಕುವುದು ಬೇಡ ಮಾರಾಯ, ಮೊಟ್ಟೆ ನೋಡು.” ಸೂರ್ಯನಿಗೆ ಬೆನ್ನು ಮಾಡಿ ಬೆಳಕು ಕೋಶಗಳ ತಳಕ್ಕೆ ಬೀಳುವಂತೆ ಎರಿಯನ್ನು ಓರೆಮಾಡಿದಾಗ, ಒಂದೊಂದು ಕೋಶದ ತಳದಲ್ಲೂ ಅಕ್ಕಿನುಚ್ಚಿಗಿಂತ ಸಣ್ಣದಾದ ಬಿಳಿಯ ಮೊಟ್ಟೆ ಕಾಣುತ್ತದೆ. ಮೊಟ್ಟೆ ಮೂರು ದಿನಗಳಲ್ಲಿ ಒಡೆದು ಮರಿಯಾಗುವುದರಿಂದ, ಮೊಟ್ಟೆ ಕಂಡರೆ ಕಳೆದ ಮೂರು ದಿನಗಳೊಳಗೆ ರಾಣಿ ಅಲ್ಲಿದ್ದಳೆಂದು ಅರ್ಥ. ಅವಳ ದರ್ಶನವಾಗದಿದ್ದರೂ ಚಿಂತೆಯಿಲ್ಲ. ಒಂದೇ ಕೋಶದಲ್ಲಿ ಹಲವಾರು ಮೊಟ್ಟೆಗಳು ಅಡ್ಡಾದಿಡ್ಡಿಯಾಗಿದ್ದರೆ ರಾಣಿ ಇಲ್ಲವಾಗಿ ಕೆಲಸಗಾರ ನೊಣಗಳೇ ಮೊಟ್ಟೆಯಿಡತೊಡಗಿವೆ. ತುಡುವೆಯ ಗಂಡುಮರಿಯ ಕೋಶದ ಮುಚ್ಚಳದ ನಡುವೆ ಸೂಜಿಮೊನೆಯಷ್ಟು ರಂಧ್ರವಿರುತ್ತದೆ. ಎರಿಯ ಕೆಳ ಅಂಚಿನಲ್ಲಿ ತೊಟ್ಟಿನಂತೆ ಇಳಿಬಿದ್ದದ್ದು ರಾಣಿಕೋಶ. ಗಂಡುಕೋಶಗಳೂ ರಾಣಿಕೋಶಗಳೂ ಹೆಚ್ಚಿದವೆಂದರೆ ಕುಟುಂಬ ಪಾಲಾಗುವ ಸಿದ್ಧತೆಯಲ್ಲಿದೆ. ಅಂದು ಕಣ್ಣಾರೆ ಕಂಡ ಆ ರಂಧ್ರ, ಹತ್ತು ಸಲ ಓದಿದ್ದರೂ ಅಷ್ಟು ಚೆನ್ನಾಗಿ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ.

ಒಂದು ವರ್ಷದ ಲೆಕ್ಕ

ಜೇನು ಸಾಕಣೆಯನ್ನು ಒಂದು ವಾರದಲ್ಲಿ ಪರಿಚಯಿಸಿಕೊಳ್ಳಬಹುದು. ಕಲಿಯಲು ಒಂದು ಪೂರ್ಣ ವರ್ಷ ಬೇಕು, ಏಕೆಂದರೆ ಪಾಠವನ್ನು ಹೇಳಿಕೊಡುವುದು ಋತುಗಳು. ಕರಾವಳಿ ಮತ್ತು ಮಲೆನಾಡಿನ ಅಂಚಿನಲ್ಲಿ ಮಳೆ ತೆರವಾದ ಮೇಲೆ ಕುಟುಂಬಗಳು ಬೆಳೆಯತೊಡಗುತ್ತವೆ. ಚಳಿಗಾಲದ ಹೊತ್ತಿಗೆ ಪಾಲಾಗುವ ಕಾಲ. ಆಗಲೇ ಸಾಕಣೆಗಾರ ಒಂದು ಪೆಟ್ಟಿಗೆಯನ್ನು ಎರಡು ಮಾಡಿಕೊಳ್ಳುತ್ತಾನೆ. ಮಕರಸಂಕ್ರಾಂತಿಯಿಂದ ವೈಶಾಖದವರೆಗೆ ಕಾಡು, ತೋಟಗಳು ಹೂವಾಗುವ ಸುಗ್ಗಿ. ಮರಿಕೋಣೆಯ ಮೇಲೆ ಜೇನುಕೋಣೆಯನ್ನಿಟ್ಟು, ಕೋಶಗಳ ಬಹುಭಾಗಕ್ಕೆ ಮೇಣದ ಮುಚ್ಚಳ ಬಿದ್ದ ಮೇಲೆ ಮಾತ್ರ ತುಪ್ಪ ತೆಗೆಯಬೇಕು. ಮುಚ್ಚಳ ಬೀಳದ ತುಪ್ಪದಲ್ಲಿ ನೀರು ಹೆಚ್ಚು, ಅದು ಹುಳಿಯುತ್ತದೆ. ಮುಚ್ಚಳವನ್ನು ಚೂರಿಯಿಂದ ಸವರಿ, ಯಂತ್ರದಲ್ಲಿ ತಿರುಗಿಸಿದರೆ ತುಪ್ಪ ಸಿಡಿದು ಹೊರಬರುತ್ತದೆ. ಎರಿ ಮುರಿಯದೆ ಪೆಟ್ಟಿಗೆಗೆ ಮರಳುತ್ತದೆ. ಮರಿಕೋಣೆಯ ತುಪ್ಪವನ್ನು ಮುಟ್ಟಬಾರದು. ಅದು ಅವುಗಳ ಮಳೆಗಾಲದ ಬುತ್ತಿ.

ಆಷಾಢದ ಜಡಿಮಳೆಯೇ ನಿಜವಾದ ಪರೀಕ್ಷೆ. ನೊಣ ಹೊರಗೆ ಹೋಗದು, ಹೋದರೂ ಹೂವಿಲ್ಲ. ಸಮಪ್ರಮಾಣದ ಸಕ್ಕರೆ ನೀರಿನ ಪಾಕವನ್ನು ಸಂಜೆಯ ಹೊತ್ತು, ಪೆಟ್ಟಿಗೆಯೊಳಗೇ, ಹೊರಗೆ ತೊಟ್ಟೂ ಚೆಲ್ಲದಂತೆ ಕೊಡಬೇಕು. ಚೆಲ್ಲಿದರೆ ಇರುವೆಗೂ ಕಳ್ಳನೊಣಗಳಿಗೂ ಕರೆಯೋಲೆ. ನಿಲುಗಾಲುಗಳ ಬುಡದ ಬಟ್ಟಲುಗಳಲ್ಲಿ ನೀರು ಆರದಂತೆ ನೋಡಬೇಕು. ನೊಣಗಳಿಂದ ತುಂಬದ ಹಳೆಯ ಎರಿಗಳನ್ನು ತೆಗೆದಿಡದಿದ್ದರೆ ಮೇಣದ ಹುಳು ಸೇರುತ್ತದೆ. ಈ ಮೂರು ತಿಂಗಳ ಉಪೇಕ್ಷೆಗೆ ತುಡುವೆ ಕೊಡುವ ಉತ್ತರ ಒಂದೇ: ಒಂದು ದಿನ ಇಡೀ ಕುಟುಂಬವೇ ಪೆಟ್ಟಿಗೆ ತೊರೆದು ಹಾರಿಹೋಗುತ್ತದೆ. ಬೇಸಿಗೆಯಲ್ಲಿ ತುಪ್ಪ ತೆಗೆಯುವಾಗ ನೆಂಟರೆಲ್ಲ ಸುತ್ತ ನೆರೆಯುತ್ತಾರೆ. ಮಳೆಯಲ್ಲಿ ಕೊಡೆ ಹಿಡಿದು ಪಾಕದ ಬಟ್ಟಲನ್ನು ಒಯ್ಯುವವನು ಒಬ್ಬನೇ. ಗುರುವಿನಿಂದ ಕಲಿಯಬೇಕಾದದ್ದು ಈ ಎರಡನೆಯದನ್ನು.

1991-92ರ ಮಾರಿ

ಈ ವಿದ್ಯೆ ಎಷ್ಟು ನಾಜೂಕಾದ ದಾರದಲ್ಲಿ ತೂಗುತ್ತಿದೆಯೆಂಬುದು 1991-92ರಲ್ಲಿ ತಿಳಿಯಿತು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣದ ಮೂರು ರಾಜ್ಯಗಳಲ್ಲಿ, ಎಂದರೆ ಕೇರಳ, ಕರ್ನಾಟಕ, ತಮಿಳುನಾಡುಗಳಲ್ಲಿ ತುಡುವೆಗೆ ತಗಲಿತು. ಥಾಯ್ಲೆಂಡಿನಲ್ಲಿ 1976ರಲ್ಲಿ ಗುರುತಿಸಲ್ಪಟ್ಟ ಈ ರೋಗದಲ್ಲಿ ಮರಿಗಳು ಕೋಶದೊಳಗೆ ನೀರು ತುಂಬಿದ ಚೀಲದಂತಾಗಿ ಸಾಯುತ್ತವೆ. ಹೊಸ ನೊಣಗಳು ಹುಟ್ಟದೆ ಕುಟುಂಬ ಕೆಲವೇ ವಾರಗಳಲ್ಲಿ ಬರಿದಾಗುತ್ತದೆ. ಇದಕ್ಕೆ ಮದ್ದಿಲ್ಲ. ಸಾಕಿದ ಕುಟುಂಬಗಳ ಬಹುಪಾಲು ನಾಶವಾಯಿತು. ಎಷ್ಟೋ ಮನೆಗಳಲ್ಲಿ ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದವು, ಮತ್ತೆ ಕೆಳಗಿಳಿಯಲಿಲ್ಲ.

ಮಾವನವರ 36 ಪೆಟ್ಟಿಗೆಗಳಲ್ಲಿ ಉಳಿದವು 4. ಅವರು ಹೊರಗಿನಿಂದ ಹೊಸ ಕುಟುಂಬಗಳನ್ನು ತರಲಿಲ್ಲ. ರೋಗದ ನಡುವೆಯೂ ಬದುಕಿದ ಆ ನಾಲ್ಕನ್ನೇ ಕಾದು, ಪಾಲು ಮಾಡಿ ಬೆಳೆಸಿದರು. ತಾಳಿಕೊಂಡ ಕುಟುಂಬದಿಂದಲೇ ತಳಿ ಎತ್ತಬೇಕೆಂಬ ಈ ಕ್ರಮವನ್ನು ವಿಜ್ಞಾನವೂ ಒಪ್ಪುತ್ತದೆ. ದಕ್ಷಿಣದಲ್ಲಿ ತುಡುವೆ ಮರಳಿ ಚೇತರಿಸಿಕೊಂಡದ್ದು ಕಾಡಿನಲ್ಲಿ ಉಳಿದ ಕುಟುಂಬಗಳಿಂದ ಮತ್ತು ಇಂತಹ ಹಟವಾದಿ ಸಾಕಣೆಗಾರರಿಂದ. ರೋಗ ಬಂದಾಗ ಸತ್ತ ಮರಿಯನ್ನು ಗುರುತಿಸಿ, ಆ ಪೆಟ್ಟಿಗೆಯನ್ನು ಬೇರೆ ಮಾಡಿ, ಎರಿಗಳನ್ನು ಅದಲುಬದಲು ಮಾಡದೆ ಕಾಯುವ ವಿವೇಕ ಅವರಿಗಿತ್ತು. ಅಂಥವರು ಈಗ ಎಂಬತ್ತರ ಸಮೀಪದಲ್ಲಿದ್ದಾರೆ. ಮುಂದೊಮ್ಮೆ ಅಂಥ ಮಾರಿ ಬಂದರೆ ಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲುವವರು ಯಾರು? ತುಪ್ಪದ ಮಾತನ್ನು ಬಿಡೋಣ. ಕಾಫಿ, ಏಲಕ್ಕಿ, ಸೂರ್ಯಕಾಂತಿಗಳ ಹೂವು ಚೆನ್ನಾಗಿ ಕಾಯಿಗಟ್ಟುವುದಕ್ಕೂ ನೊಣದ ಸಹಾಯ ಬೇಕು.

ಆರೋಗ್ಯದ ದೃಷ್ಟಿಯಿಂದ

ಕಲಿಯಹೊರಟವನಿಗೆ ಕುಟುಕು ತಪ್ಪದು. ಕುಟುಕಿದ ನೊಣ ತನ್ನ ಮುಳ್ಳನ್ನೂ ವಿಷದ ಚೀಲವನ್ನೂ ಚರ್ಮದಲ್ಲೇ ಬಿಟ್ಟುಹೋಗುತ್ತದೆ. ಚೀಲವು ಕೆಲವು ಕ್ಷಣ ವಿಷವನ್ನು ಒತ್ತುತ್ತಲೇ ಇರುತ್ತದೆ. ಉಗುರಿನಿಂದ ಕೆರೆಯಬೇಕೋ ಚಿವುಟಿ ತೆಗೆಯಬೇಕೋ ಎಂಬ ಚರ್ಚೆಗಿಂತ ಕೂಡಲೇ ತೆಗೆಯುವುದು ಮುಖ್ಯ. ಕುಟುಕಿದೆಡೆ ಬಾಳೆಹಣ್ಣಿನಂತಹ ವಾಸನೆಯೊಂದು ಏಳುತ್ತದೆ. ಅದು ಉಳಿದ ನೊಣಗಳಿಗೆ ಯುದ್ಧದ ಕರೆ. ಆದ್ದರಿಂದ ಪೆಟ್ಟಿಗೆಯಿಂದ ದೂರ ಸರಿದು, ಸೋಪಿನಿಂದ ತೊಳೆದು, ತಣ್ಣೀರಿನ ಪಟ್ಟಿ ಇಡಬೇಕು. ಕುಟುಕಿದ ಜಾಗದಲ್ಲಿ ನೋವು, ಊತ ಸಹಜ. ಆದರೆ ಮೈತುಂಬ ದದ್ದು, ತುಟಿ ನಾಲಿಗೆಗಳ ಊತ, ಉಸಿರಾಟದ ಕಷ್ಟ, ತಲೆಸುತ್ತು, ವಾಂತಿ ಕಂಡರೆ ಅದು ಪ್ರಾಣಾಪಾಯದ ಸೂಚನೆ. ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಅಡ್ರಿನಲಿನ್ ಚುಚ್ಚುಮದ್ದೇ ಅಲ್ಲಿನ ಪ್ರಥಮ ಚಿಕಿತ್ಸೆ. ಹಿಂದೊಮ್ಮೆ ಹೀಗಾದವರು ವೈದ್ಯರನ್ನು ಕೇಳದೆ ಈ ಹವ್ಯಾಸಕ್ಕೆ ಇಳಿಯಬಾರದು. ಹೆಜ್ಜೇನಿನ ಗೂಡಿಗಂತೂ ಯಾರೂ ಕಲ್ಲೆಸೆಯಬಾರದು, ಬೆಂಕಿ ಹಿಡಿಯಬಾರದು. ಅವು ಗುಂಪಾಗಿ ಬಹುದೂರ ಅಟ್ಟಿಬರುತ್ತವೆ.

ಇನ್ನು ತುಪ್ಪದ ಮಾತು. ನವಜಾತ ಶಿಶುವಿನ ನಾಲಿಗೆಗೆ ಜೇನು ಸವರುವ ಸಂಪ್ರದಾಯ ನಮ್ಮ ಅನೇಕ ಮನೆಗಳಲ್ಲಿದೆ. ಪ್ರೀತಿಯ ಆಚರಣೆಯೇ ಆದರೂ ಅದನ್ನು ಬಿಡಬೇಕು. ಎಷ್ಟೇ ಶುದ್ಧ ಜೇನಿನಲ್ಲಿಯೂ ಬೊಟುಲಿಸಮ್ ರೋಗಾಣುವಿನ ಬೀಜಾಣುಗಳು ಇರಬಹುದು. ದೊಡ್ಡವರ ಕರುಳು ತಡೆದುಕೊಳ್ಳುತ್ತದೆ, ಹಸುಳೆಯದು ತಡೆಯದು. ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನು ಕೂಡದು. ಅನಂತರ, ಕೆಮ್ಮಿದ್ದಾಗ ಮಲಗುವ ಮುನ್ನ ಒಂದು ಚಮಚ ಕೊಟ್ಟರೆ ಶಮನ ದೊರೆಯುವುದುಂಟು. ಸಕ್ಕರೆಕಾಯಿಲೆಯವರು ಜೇನನ್ನು ನಿರಪಾಯವೆಂದು ಭಾವಿಸುವುದೂ ತಪ್ಪು. ಅದರ ತೂಕದ ಸುಮಾರು ನೂರಕ್ಕೆ 80 ಭಾಗ ಸಕ್ಕರೆಗಳೇ. ಶೀಸೆಯಲ್ಲಿ ಜೇನು ಹರಳುಗಟ್ಟಿದರೆ ಕಲಬೆರಕೆಯೆಂದಲ್ಲ, ಅದು ಸಹಜ ಗುಣ. ನೀರಿಗೆ ಹನಿಹಾಕಿ ನೋಡುವ ಪರೀಕ್ಷೆಯೂ ಭರವಸೆಗೆ ಯೋಗ್ಯವಲ್ಲ. ತೆಗೆದವರ ಪರಿಚಯವಿರುವುದೇ ಶುದ್ಧತೆಗೆ ಒಳ್ಳೆಯ ಆಧಾರ.

ತಿರುವೊಟ್ಟಿಯೂರಿನಲ್ಲಿ ಸಾಧ್ಯವೇ?

ನಮ್ಮ ತ್ಯಾಗರಾಜಸ್ವಾಮಿಯ ಸನ್ನಿಧಿಯ ಮಗಿಳಮರ ಸುಂದರಮೂರ್ತಿ ನಾಯನಾರರ ಕಥೆಯಿಂದ ಪ್ರಸಿದ್ಧವಾದದ್ದು. ನಮ್ಮೂರ ಕಡೆ ರೆಂಜೆ, ಬಕುಳವೆನ್ನುವುದು ಅದನ್ನೇ. ರೆಂಜೆಯಿರುವಲ್ಲಿ, ನುಗ್ಗೆ, ಹುಣಿಸೆ, ಬೇವು, ತೆಂಗುಗಳಿರುವಲ್ಲಿ ನೊಣಕ್ಕೆ ಒಂದಷ್ಟು ಆಹಾರವಿದೆ. ಆದರೆ ಬೆಂಕಿಯಂತೆ ಕಾಯುವ ತಾರಸಿ, ಬಲವಾದ ಕಡಲಗಾಳಿ, ಗೋಡೆಗೆ ಗೋಡೆ ತಾಗಿದ ನೆರೆಮನೆ, ಕಾರ್ಖಾನೆಗಳ ಹೊಗೆ ಇವನ್ನೆಲ್ಲ ನೋಡಿದರೆ ಇಲ್ಲಿ ತುಡುವೆಯ ಪೆಟ್ಟಿಗೆಯಿಡಲು ಹೊಸಬರು ಆತುರಪಡಬಾರದು. ನೆರಳು, ಹತ್ತಿರದಲ್ಲಿ ನೀರು, ನೆರೆಯವರ ಮನಃಪೂರ್ವಕ ಒಪ್ಪಿಗೆ ಇವು ಮೂರೂ ಇದ್ದರೆ ಮಾತ್ರ ಯೋಚಿಸಬಹುದು. ಮುಜಂಟಿಗೆ ಇಷ್ಟು ನಿರ್ಬಂಧವಿಲ್ಲ. ಕುಂಡಗಳ ನಡುವೆ, ಬಿಸಿಲು ಬಡಿಯದ ಜಗಲಿಯಲ್ಲಿ ಅದು ಬಾಳಬಲ್ಲದು, ಮಕ್ಕಳಿಗೂ ಅಪಾಯವಿಲ್ಲ.

ಕಲಿಯುವುದಕ್ಕೆ ಮಾತ್ರ ಊರಿಗೇ ಹೋಗಬೇಕು. ಶಾಲೆಯ ಬೇಸಿಗೆ ರಜೆಗೂ ಜೇನಿನ ಸುಗ್ಗಿಗೂ ಅದೃಷ್ಟವಶಾತ್ ನಂಟಿದೆ. ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಸೋದರಮಾವನೋ ದೊಡ್ಡಪ್ಪನೋ ನೆರೆಮನೆಯ ಅಜ್ಜನೋ ಪೆಟ್ಟಿಗೆ ತೆರೆಯುವ ದಿನವನ್ನು ಕೇಳಿ ತಿಳಿದು, ಮಕ್ಕಳನ್ನೂ ಕರೆದೊಯ್ಯಿರಿ. ಸಾಧ್ಯವಾದರೆ ಮಳೆಗಾಲದಲ್ಲಿ ಎರಡು ದಿನ, ಪಾಲು ಮಾಡುವ ಚಳಿಗಾಲದಲ್ಲಿ ಎರಡು ದಿನ ಹೋಗಿಬನ್ನಿ. ಒಂದು ವರ್ಷದ ಪಾಠ ಹೀಗೆ ಕಂತುಗಳಲ್ಲಿಯಾದರೂ ಮುಗಿದೀತು. ಮನೆಯಲ್ಲಿ ಬಲ್ಲವರಿಲ್ಲದವರಿಗೆ ಕರ್ನಾಟಕದ ತೋಟಗಾರಿಕೆ ಇಲಾಖೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಇಲ್ಲಿ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯಗಳ ತರಬೇತಿಗಳಿವೆ. ತರಬೇತಿಯ ಬಳಿಕ ಅನುಭವಿಯೊಬ್ಬರನ್ನು ಹುಡುಕಿಕೊಂಡು ಅವರ ಪಕ್ಕದಲ್ಲಿ ನಿಲ್ಲುವುದನ್ನು ಮರೆಯಬಾರದು. ಮೊದಲಿಗೆ ಎರಡು ಪೆಟ್ಟಿಗೆಗಳಿದ್ದರೆ ಸಾಕು. ಒಂದರ ಸ್ಥಿತಿಯನ್ನು ಇನ್ನೊಂದರೊಡನೆ ಹೋಲಿಸಿ ನೋಡಬಹುದು.

ಹಿರಿಯರಿಂದ ನಾವು ಹೊಲ, ಮನೆ, ಒಡವೆಗಳ ಪಾಲನ್ನು ಕೇಳಿ ಪಡೆಯುತ್ತೇವೆ. ಅವರ ಕೈಯಲ್ಲಿರುವ ವಿದ್ಯೆಯ ಪಾಲನ್ನು ಕೇಳುವವರು ವಿರಳ. ಅದಕ್ಕೆ ಪತ್ರ, ನೋಂದಣಿ, ತಕರಾರುಗಳಿಲ್ಲ. ಕೇಳಿದಷ್ಟೂ ಕೊಡುತ್ತಾರೆ, ಕೊಟ್ಟಷ್ಟೂ ಸಂತೋಷಪಡುತ್ತಾರೆ. ಬರುವ ರಜೆಯಲ್ಲಿ ಊರಿನ ಬಸ್ಸು ಹತ್ತುವಾಗ ತಿಳಿಬಣ್ಣದ ಹಳೆಯ ಅಂಗಿಯೊಂದನ್ನು ಚೀಲದಲ್ಲಿಟ್ಟುಕೊಳ್ಳಿರಿ.